ಆರನೆಯ ಗುಡ್ಡ

ಮನೆಯಲ್ಲಿ ಅವಳನ್ನು ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಕಡ್ಡಿಯಂತಿದ್ದಳು, ಯಾರಾದರೂ ಬೈದರೆ ಸಾಕು ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತಿದ್ದಳು. ಅದನ್ನು ನೋಡಿ ಅಜ್ಜಿ ಇಟ್ಟ ಹೆಸರು ಅದು. ದಂತವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಅಜ್ಜಿ ಬೀದಿ ಬಾಗಿಲಲ್ಲಿ ನಿಂತು, "ನಮ್ಮ ಹಲ್ಲಿ ಹಲ್ಲಿನ ಡಾಕ್ಟ್ರಾಗ್ತಾಳಂತೆ ಕಣ್ರೋ!" ಎಂದು ಕೂಗಿ, ನಕ್ಕ ರಭಸಕ್ಕೆ ತನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಅಂಗೈಗೆ ಉದುರಿಸಿಕೊಂಡಿದ್ದಳು.

ಆ ನಗು ಕಾಲೇಜಿನ ಮೊದಲ ದಿನವೇ ಅರ್ಧಕ್ಕೆ ನಿಂತಿತು.

ಮೆತ್ತನೆಯ ಕುರ್ಚಿಗಳ ದೊಡ್ಡ ಸಭಾಂಗಣ. ವೇದಿಕೆಯ ಮೇಲೆ ಹಿರಿಯ ಪ್ರೊಫೆಸರು. ಜೀವಮಾನವಿಡೀ ದವಡೆ ಹಲ್ಲುಗಳ ಪಾಠ ಮಾಡಿದ್ದಕ್ಕೋ, ಅವರದೇ ದವಡೆ ಇಟ್ಟಿಗೆಯಂತೆ ಚೌಕವಾಗಿದ್ದುದಕ್ಕೋ, ಅವರಿಗೆ ದವಡೆ ಸರ್ ಎಂಬ ಹೆಸರು ಹಿಂದಿನವರಿಂದ ಮುಂದಿನವರಿಗೆ ಹರಿದು ಬಂದಿತ್ತು. ಒಬ್ಬೊಬ್ಬರೇ ಎದ್ದು ನಿಂತು ತಾವು ಈವರೆಗೆ ಓದಿದ ಕಾಲೇಜಿನ ಹೆಸರು ಹೇಳಬೇಕಿತ್ತು. ದೊಡ್ಡ ಹೆಸರು ಬಂದಾಗ ಸರ್ ತಲೆಯಾಡಿಸುತ್ತಿದ್ದರು. ಇನ್ನೂ ದೊಡ್ಡ ಹೆಸರು ಬಂದರೆ ಮುಗುಳ್ನಗುತ್ತಿದ್ದರು. ಹಲ್ಲಿಯ ಸರದಿ ಬಂತು.

"ಸಂಜೆ ಕಾಲೇಜು, ಸರ್."

"ಯಾವ ಸಂಜೆ ಕಾಲೇಜು?"

"ಸಾಮಿಲ್ ಮೇಲಿನ ಮಹಡೀಲಿದೆಯಲ್ಲ ಸರ್, ಅದು."

ಹಿಂದಿನ ಸಾಲಿನಿಂದ ಯಾರೋ, "ಕೆಳಗೆ ಮರ ಕೊಯ್ತಾರೆ, ಮೇಲೆ ತಲೆ ಕೊರೀತಾರೆ!" ಎಂದರು. ಇಡೀ ಸಭಾಂಗಣ ಗೊಳ್ಳೆಂದಿತು. ಪಕ್ಕದಲ್ಲಿ ಕುಳಿತಿದ್ದ ವಿಪರೀತ ಎತ್ತರದ ಹುಡುಗನೂ ನಕ್ಕ. ಎಲ್ಲರೂ ಕಂಬ ಎಂದು ಕರೆಯುತ್ತಿದ್ದ ಅವನು ಎಲ್ಲಕ್ಕಿಂತ ದೊಡ್ಡ ಹೆಸರಿನ ಕಾಲೇಜಿನಿಂದ ಬಂದವನು. ನಕ್ಕಮೇಲೆ ಹಲ್ಲಿಯ ಮುಖ ನೋಡಿ, ನೀರು ಕುಡಿಯುವವನಂತೆ ಬಾಟಲಿಯ ಹಿಂದೆ ಅಡಗಿಕೊಂಡ.

ದವಡೆ ಸರ್ ನಗಲಿಲ್ಲ. ಅವರು ಒಳ್ಳೆಯವರೇ. ತೊಂದರೆ ಇರುವುದೇ ಅಲ್ಲಿ. ಅನ್ಯಾಯ ಮಾಡುವವರೆಲ್ಲ ಮೀಸೆ ತಿರುವುವ ಕೇಡಿಗರಾಗಿದ್ದರೆ ಈ ಲೋಕದಲ್ಲಿ ಜಗಳವಾಡುವುದು ಎಷ್ಟು ಸುಲಭವಾಗಿರುತ್ತಿತ್ತು! ಸರ್ ಬಹಳ ಮೃದುವಾಗಿ, ಕಾಯಿಲೆಯವರಿಗೆ ಔಷಧ ಹೇಳುವ ದನಿಯಲ್ಲಿ ಹೇಳಿದರು: ತಮಗೆ ಗೊತ್ತಿಲ್ಲದ ಕಾಲೇಜುಗಳಿಂದ ಬಂದವರು ಮೊದಲು ಒಂದು ವರ್ಷ ಪೂರ್ವಸಿದ್ಧತಾ ತರಗತಿಯಲ್ಲಿ ಕೂರಬೇಕು. ಆಮೇಲೆ ಮೊದಲ ವರ್ಷ. ಇದು ಅವರ ಒಳಿತಿಗಾಗಿಯೇ. ತರಗತಿ ನೆಲಮಾಳಿಗೆಯಲ್ಲಿ, ಪ್ಲಾಸ್ಟರ್ ಮೂಟೆಗಳ ಕೋಣೆಯ ಪಕ್ಕದಲ್ಲಿ.

ಪ್ರವೇಶ ಪರೀಕ್ಷೆ ಎಲ್ಲರಿಗೂ ಒಂದೇ ಇತ್ತು. ಒಂದೇ ಪ್ರಶ್ನೆ, ಒಂದೇ ಹೊತ್ತು, ಒಂದೇ ಬಾಗಿಲು. ಬಾಗಿಲು ದಾಟಿ ಒಳಗೆ ಬಂದಮೇಲೆ ಇವರು ಕಾಲಲ್ಲಿನ ಚಪ್ಪಲಿ ನೋಡಲು ಶುರು ಮಾಡಿದ್ದರು. ಪೂರ್ವಸಿದ್ಧತೆ ಎಂಬ ಮಾತನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಬೀಗ.

"ಯಾರಿಗಾದರೂ ಇದು ಬೇಡ ಅನ್ನಿಸಿದರೆ," ಎಂದರು ಸರ್, ಮಾತು ಮುಗಿಸುವ ಅವಸರದಲ್ಲಿ, "ಶುಕ್ರವಾರ ಪ್ರಯೋಗಾಲಯದಲ್ಲಿ ಎಲ್ಲರೆದುರು ಮೇಣದಲ್ಲಿ ಒಂದು ಹಲ್ಲು ಕೆತ್ತಿ ತೋರಿಸಬಹುದು. ಮಾದರಿ ನೋಡೋ ಹಾಗಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಆದರೂ ನಿಯಮ ಇದೆ, ಹೇಳಿದ್ದೀನಿ."

ಹಲ್ಲಿಯ ಕೈ ಮೇಲಕ್ಕೆ ಹೋಯಿತು. ಹೋದಮೇಲೆಯೇ ಅವಳಿಗೆ ತಿಳಿದದ್ದು, ಅದು ತನ್ನ ಕೈ ಎಂದು.

*

ನೆಲಮಾಳಿಗೆಗೆ ಹೋಗಬೇಕಾದವರು ಅವಳೂ ಸೇರಿ ನಾಲ್ವರು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುತ್ತಲೇ ಅಂಚೆ ಮೂಲಕ ಓದು ಮುಗಿಸಿದ ಒಬ್ಬಳು. ಅವಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಮುಖಕ್ಕಿಂತ ಮೀಸೆಯೇ ದೊಡ್ಡದಾಗಿದ್ದ ಹುಡುಗ ಮೀಸೆ. ಕೇಳಿದ್ದಕ್ಕೆಲ್ಲ ಹುಬ್ಬಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಮೌನಿ.

"ಯಾಕೆ ಕೈ ಎತ್ತಿದೆ?" ಎಂದಳು ಸಿಸ್ಟರ್, ಮೆಟ್ಟಿಲಿಳಿಯುತ್ತ. "ಒಂದು ವರ್ಷ ಕಣ್ಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ. ಕೆತ್ತಿ ಕೆಟ್ಟೋದ್ರೆ ಇರೋ ಮರ್ಯಾದೇನೂ ಹೋಗುತ್ತೆ."

"ಇರೋದು ಎಷ್ಟಿದೆ ಅಂತ ನೋಡಿದ್ಯಲ್ಲ ಸಿಸ್ಟರ್, ಈಗ ತಾನೇ," ಎಂದ ಮೀಸೆ.

ಹಲ್ಲಿಯನ್ನು ಒಂದೇ ಪ್ರಶ್ನೆ ಕುಟುಕುತ್ತಿತ್ತು. ಅದು ದವಡೆ ಸರ್ ಕೇಳಿದ ಪ್ರಶ್ನೆಯಲ್ಲ, ಅವಳದೇ. ಅವರು ಹೇಳಿದ್ದು ನಿಜವಿದ್ದರೆ? ಸಾಮಿಲ್ ಮೇಲೆ ಕಲಿತದ್ದು ಕಲಿಕೆಯೇ ಅಲ್ಲದಿದ್ದರೆ?

ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಉದ್ದ ಮೇಜು, ಬಾಗಿಲಿಲ್ಲದ ಒಂದು ಕಪಾಟು. ತಲೆಬುರುಡೆ ಒಂದಿತ್ತು, ಅದಕ್ಕೆ ದವಡೆ ಇರಲಿಲ್ಲ, ಹಿಂದಿನ ಯಾವುದೋ ವರ್ಷದವರು ಕಳೆದುಹಾಕಿದ್ದರು. ಜೀವಶಾಸ್ತ್ರ ಹೇಳುತ್ತಿದ್ದವರನ್ನು ಹುಡುಗರು ಪ್ರಾಣಿ ಮೇಡಂ ಎನ್ನುತ್ತಿದ್ದರು, ಅವರೆದುರಿಗೇ. ಅವರಿಗೂ ಅದು ಇಷ್ಟವಿತ್ತು. ಹಲ್ಲಿನ ಪಾಠ ಬಂದ ದಿನ ಮೇಡಂ ಆ ಬುರುಡೆಯನ್ನು ಪಕ್ಕಕ್ಕಿಟ್ಟು, "ಇದರ ಬಾಯಿ ಬಿದ್ದುಹೋಗಿದೆ. ನಿಮ್ಮದಿನ್ನೂ ಬಿದ್ದಿಲ್ವಲ್ಲ. ಅಲ್ಲೇ ಮ್ಯೂಸಿಯಂ ಇದೆ, ಟಿಕೆಟ್ಟೂ ಬೇಡ. ಕಣ್ಣು ಮುಚ್ಚಿ, ನಾಲಿಗೆ ಬಿಡಿ ಕೆಲಸಕ್ಕೆ," ಎಂದರು. ಹಲ್ಲಿನ ತಲೆಯ ಮೇಲಿನ ಉಬ್ಬುಗಳು ಗುಡ್ಡ. ನಡುವಿನ ಗೀರುಗಳು ಕಣಿವೆ. ನಾಲಿಗೆಯಿಂದ ಗುಡ್ಡ ಹತ್ತಬೇಕು, ಕಣಿವೆ ಇಳಿಯಬೇಕು, ಕಂಡದ್ದನ್ನು ಸೀಮೆಸುಣ್ಣದಲ್ಲಿ, ಇಲ್ಲವೇ ಬಟ್ಟೆ ಸೋಪಿನಲ್ಲಿ ಕೆತ್ತಬೇಕು. ಒಮ್ಮೆ ಪ್ರಿನ್ಸಿಪಾಲರು ಒಳಗೆ ಬಂದಾಗ ಇಡೀ ತರಗತಿ ಕಣ್ಣು ಮುಚ್ಚಿಕೊಂಡು ಕೆನ್ನೆಯೊಳಗೆ ನಾಲಿಗೆ ತಿರುಗಿಸುತ್ತ ಕುಳಿತಿತ್ತು. "ಪಾಠದ ಹೊತ್ತಲ್ಲಿ ಎಲ್ಲರೂ ಮೆಲುಕು ಹಾಕ್ತಾ ಇದೀರಾ?" ಎಂದು ಅವರು ಗುಡುಗಿದರೆ, ಮೇಡಂ ತಾವೂ ಕಣ್ಣು ಬಿಡದೆ, "ಹೌದು ಸರ್, ಕಲಿತದ್ದನ್ನ," ಎಂದಿದ್ದರು.

ಆಗ ಅದೆಲ್ಲ ಖುಷಿಯಾಗಿತ್ತು. ಈಗ ಮೆತ್ತನೆಯ ಕುರ್ಚಿಗಳ ಎದುರು ನೆನೆದರೆ ಬಡವರ ಮನೆಯ ಆಟದಂತೆ ಕಾಣುತ್ತಿತ್ತು. ಆಳುವವರ ನಿಜವಾದ ಜಾಣತನ ಇದು. ಅವರು ನಮ್ಮಿಂದ ಏನನ್ನೂ ಕಿತ್ತುಕೊಳ್ಳಬೇಕಿಲ್ಲ. ನಮ್ಮ ಕೈಯಲ್ಲಿರುವುದರ ಬಗ್ಗೆ ನಮಗೇ ನಾಚಿಕೆ ಹುಟ್ಟಿಸಿದರೆ ಸಾಕು, ನಾವೇ ಬಿಸಾಡುತ್ತೇವೆ.

*

"ಏನೇ ಇದು, ಹರಳೆಣ್ಣೆ ಕುಡಿದ ಮುಖ?" ಎಂದಳು ಅಮ್ಮ.

ಅಮ್ಮ ಊರ ಬಸ್ಸಿನ ಡ್ರೈವರು. ಪಾಳಿ ಮುಗಿಸಿ ಬಂದವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದಳು. ಹಲ್ಲಿ ಎಲ್ಲ ಹೇಳಿದಳು. ಅಜ್ಜಿ ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು.

"ಒಂದ್ವರ್ಷ ತಾನೆ? ಕೂತ್ಕೊಂಡು ಗಟ್ಟಿಯಾಗಿ ಕಲ್ತ್ಕೊಂಡು ಹೋಗು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗ್ಬಾರ್ದು."

"ನೀನು ಸುಮ್ನಿರಮ್ಮ," ಎಂದಳು ಅಮ್ಮ. "ಕುಣಿಯೋಕೆ ಬಿಟ್ರೆ ತಾನೆ ನೆಲ ಡೊಂಕೋ ಕಾಲು ಡೊಂಕೋ ಗೊತ್ತಾಗೋದು? ನನ್ನ ಹತ್ರ ಲೈಸೆನ್ಸ್ ಇತ್ತು. ಪರೀಕ್ಷೇಲಿ ಗಂಡಸರಿಗಿಂತ ಚೆನ್ನಾಗಿ ಬಸ್ಸು ತಿರುಗಿಸಿದ್ದೆ. ಆದ್ರೂ ಡಿಪೋದಲ್ಲಿ ಏನಂದ್ರು? ಮೊದಲು ಸ್ವಲ್ಪ ದಿನ ಅಭ್ಯಾಸ ಆಗ್ಲಿ, ಬಸ್ಸು ತೊಳೀ ಅಂದ್ರು. ಅರ್ಧ ವರ್ಷ ತೊಳೆದೆ. ಬಸ್ಸು ತೊಳೆದ್ರೆ ಡ್ರೈವಿಂಗ್ ಬರುತ್ತೇನೆ? ಬಸ್ಸು ತೊಳೆಯೋದು ಬರುತ್ತೆ, ಅಷ್ಟೆ."

"ಅದಕ್ಕೇ ನಿನ್ನ ಬಸ್ಸು ಅಷ್ಟು ಹೊಳೆಯೋದು," ಎಂದಳು ಅಜ್ಜಿ.

ಹಲ್ಲಿಗೆ ನಗು ಬಂತು. ನಗು ಇಳಿದಮೇಲೆ ಮೆಲ್ಲಗೆ ಕೇಳಿದಳು. "ಆದ್ರೆ ಅಮ್ಮ, ನಂಗೆ ನಿಜವಾಗ್ಲೂ ಬರದೇ ಇದ್ರೆ?"

ಅಮ್ಮ ಬಕೆಟ್ಟಿನಿಂದ ಒಂದು ಕಾಲು ತೆಗೆದು ಒರೆಸಿಕೊಂಡಳು. "ಬರಲ್ಲ ಅಂತ ಗೊತ್ತಾದ್ರೆ ಕಲ್ತ್ಕೋ. ಅದ್ರಲ್ಲಿ ಅವಮಾನ ಏನಿದೆ? ಗೊತ್ತಾಗೋಕೆ ಮುಂಚೆ ಮಾತ್ರ ಒಪ್ಕೋಬೇಡ."

ಆ ವಾರ ಮನೆಯಲ್ಲಿ ಸೋಪು ಉಳಿಯಲಿಲ್ಲ. ಯಾವ ಹಲ್ಲು ಕೆತ್ತಲು ಹೇಳುತ್ತಾರೋ ತಿಳಿಯದ ಕಾರಣ ಹಲ್ಲಿ ಮುಂದಿನ ಹಲ್ಲಿನಿಂದ ಶುರುಮಾಡಿ ಕೋರೆಹಲ್ಲು, ಮೇಲಿನ ದವಡೆ ಹಲ್ಲು ಎಂದು ಒಂದೊಂದಾಗಿ ಕೆತ್ತುತ್ತ ಬಂದಳು. ಹಗಲು ಗ್ರಂಥಾಲಯದಲ್ಲಿ ದಪ್ಪ ಪುಸ್ತಕ ಓದುವುದು, ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕೆತ್ತುವುದು. ಒಂದು ಬೆಳಿಗ್ಗೆ ಬಚ್ಚಲಿನಿಂದ ಅಜ್ಜಿಯ ಕೂಗು ಕೇಳಿತು.

"ಅಯ್ಯೋ ನಿನ್ ಮನೆ ಕಾಯ! ಮೈಗೆ ಉಜ್ಕೊಳ್ಳೋ ಸೋಪಿಗೂ ಬೇರು ಬಿಟ್ಟಿದೀಯಲ್ಲೇ! ಬಾಯಲ್ಲಿ ಇಲ್ದಿರೋ ಹಲ್ಲು ಬೆನ್ನಿಗೆ ಚುಚ್ತಾ ಇದೆ!"

ಅಂದಿನಿಂದ ಸೋಪು ಅಜ್ಜಿಯ ದಿಂಬಿನ ಕೆಳಗೆ ಸೇರಿತು. ಕೆಳಗಿನ ದವಡೆ ಹಲ್ಲು ಕೆತ್ತುವುದು ಬಾಕಿಯೇ ಉಳಿಯಿತು.

*

ಶುಕ್ರವಾರ ದವಡೆ ಸರ್ ಕೇಳಿದ್ದು ಅದನ್ನೇ. "ಕೆಳಗಿನ ಸಾಲು, ಬಲಗಡೆ, ಮೊದಲನೇ ದವಡೆ ಹಲ್ಲು. ಊಟದ ಗಂಟೆಯೊಳಗೆ."

ಪ್ರಯೋಗಾಲಯದಲ್ಲಿ ಸಾಲು ಸಾಲು ಮೇಜುಗಳು. ಪ್ರತಿ ಮೇಜಿಗೂ ಬಿಳಿ ದೀಪ. ಅವಳ ಎದುರು ದಂತದ ಬಣ್ಣದ ಮೇಣದ ತುಂಡು, ಕೆತ್ತುವ ಪುಟ್ಟ ಚಾಕು, ಒಂದು ಸ್ಪಿರಿಟ್ ದೀಪ. ಸುತ್ತ ಇಡೀ ಮೊದಲ ವರ್ಷ ನೆರೆದಿತ್ತು. ಸಿಸ್ಟರ್, ಮೀಸೆ, ಮೌನಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕುರ್ಚಿ ಇರಲಿಲ್ಲ, ಯಾರೂ ಕೊಡಲೂ ಇಲ್ಲ.

ಮೊದಲ ಗೀರಿಗೇ ಹಲ್ಲಿಯ ಚಾಕು ಜಾರಿ ಮೇಣದ ಮೂಲೆಯೊಂದು ಹಾರಿ ಕಂಬನ ಅಂಗಿಗೆ ಬಿತ್ತು. ಅವನು ಅದನ್ನು ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಲ್ಲು ಬಿತ್ತು," ಎಂದ. ಎರಡು ಸಾಲು ನಕ್ಕವು. ವಿಚಿತ್ರವೆಂದರೆ ಆ ನಗುವಿಗೆ ಹಲ್ಲಿಯ ಭುಜ ಸಡಿಲವಾಯಿತು. ನಗುವವರ ನಡುವೆ ಕೆತ್ತಿ ಅವಳಿಗೆ ಅಭ್ಯಾಸವಿತ್ತು. ಅವಳು ಕಣ್ಣು ಮುಚ್ಚಿದಳು.

"ಪ್ರಾರ್ಥನೆ ಶುರು ಆಯ್ತು," ಎಂದು ಯಾರೋ ಪಿಸುಗುಟ್ಟಿದರು.

ಪ್ರಾರ್ಥನೆಯಲ್ಲ, ಪ್ರಯಾಣ. ನಾಲಿಗೆ ಬಲಕ್ಕೆ ಹೊರಳಿ ಗುಡ್ಡ ಹತ್ತಿತು, ಕಣಿವೆಗಿಳಿದು ಮತ್ತೆ ಹತ್ತಿತು. ಕೈ ಅದರ ಹಿಂದೆಯೇ ನಡೆಯಿತು. ಸ್ವಲ್ಪ ಹೊತ್ತಾದಮೇಲೆ ಅವಳಿಗೆ ಸುತ್ತ ಜನರಿದ್ದಾರೆ ಎಂಬುದೇ ಮರೆತುಹೋಯಿತು. ಮೇಣದ ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬಿತ್ತು. ಕೊನೆಗೆ ಬಟ್ಟೆಯಿಂದ ಉಜ್ಜಿ ಹೊಳಪು ಕೊಟ್ಟು ಮುಂದಿಟ್ಟಳು.

ದವಡೆ ಸರ್ ಅದನ್ನು ಬೆರಳ ತುದಿಯಲ್ಲಿ ಎತ್ತಿ ದೀಪಕ್ಕೆ ಹಿಡಿದರು. ಹುಬ್ಬು ಮೇಲೇರಿತು. ಕೆನ್ನೆ ಕಡೆಯ ಗುಡ್ಡಗಳನ್ನು ಎಣಿಸಿದರು: ಮೂರು, ಸರಿ. ನಾಲಿಗೆ ಕಡೆ ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು.

"ಇಲ್ಲಿ ಎರಡಿರಬೇಕು. ಎರಡರ ನಡುವೆ ಇದೇನಮ್ಮ, ಇನ್ನೊಂದು? ಒಟ್ಟು ಐದಿರಬೇಕಾದ ಕಡೆ ಆರು ಮಾಡಿದೀಯ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಮರುಕ ಸಿಟ್ಟಿಗಿಂತ ಜಾಸ್ತಿ ಸುಡುತ್ತದೆ. "ಬೇಜಾರು ಮಾಡ್ಕೋಬೇಡ. ಕೈ ಚೆನ್ನಾಗಿದೆ. ತಳಪಾಯ ಇಲ್ಲ. ಅದಕ್ಕೇ ಒಂದು ವರ್ಷ ಕೆಳಗೆ ಕೂತ್ಕೋ ಅನ್ನೋದು."

"ಸಾಮಿಲ್‌ನೋರು ತೂಕಕ್ಕೆ ಒಂದು ಜಾಸ್ತಿ ಹಾಕಿದಾರೆ!" ಎಂದಿತು ಹಿಂದಿನ ಸಾಲು.

ಹಲ್ಲಿಯ ಕಿವಿ ಕಾದ ಹೆಂಚಾಯಿತು. ಐದು ಎಂದು ಪುಸ್ತಕದಲ್ಲಿ ಅವಳೇ ಓದಿದ್ದಳು, ಅಡಿಗೆರೆ ಎಳೆಯಬೇಕೆನ್ನಿಸುವಷ್ಟು ಸ್ಪಷ್ಟವಾಗಿ. ಹಾಗಾದರೆ ಕೈ ಯಾಕೆ ಆರು ಮಾಡಿತು? ತಡೆಯಲಾರದೆ ನಾಲಿಗೆಯನ್ನು ಮತ್ತೆ ಕಳಿಸಿದಳು. ಮೊದಲನೆಯದು. ಕಣಿವೆ. ಪುಟ್ಟದೊಂದು ಗುಬಟು. ಕಣಿವೆ. ಇನ್ನೊಂದು.

"ಸರ್," ಎಂದಳು, "ಇದೆ."

"ಏನಿದೆ?"

"ಆರನೇದು."

"ಎಲ್ಲಿದೆ? ಯಾವ ಪುಸ್ತಕದಲ್ಲಿ?"

"ಪುಸ್ತಕದಲ್ಲಲ್ಲ ಸರ್. ಇಲ್ಲಿ." ಅವಳು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಅಗಲಿಸಿದಳು.

ಸರ್ ಒಂದು ಕ್ಷಣ ಹಿಂದೆ ಸರಿದರು. ಆಮೇಲೆ ಅಭ್ಯಾಸಬಲದಿಂದ ಕೈತೊಳೆದು, ಕೈಗವಸು ಹಾಕಿ, ಪುಟ್ಟ ಕನ್ನಡಿ ತೆಗೆದುಕೊಂಡು ಬಗ್ಗಿದರು. ದೀಪ ಎಳೆದರು. ಇನ್ನಷ್ಟು ಬಗ್ಗಿದರು.

"ಅರೆ!" ಎಂದರು. ಆ ದನಿ ಪ್ರೊಫೆಸರರದಾಗಿರಲಿಲ್ಲ, ಗೋಲಿ ಸಿಕ್ಕ ಹುಡುಗನದಾಗಿತ್ತು. "ಅರೆ ಅರೆ ಅರೆ! ಎಷ್ಟು ಚೆನ್ನಾಗಿದೆ ಮಾರಾಯ್ತಿ ಇದು! ಅಪರೂಪಕ್ಕೆ ಕೆಲವರಿಗೆ ಇರುತ್ತೆ ಅಂತ ವರ್ಷ ವರ್ಷ ಪಾಠ ಮಾಡ್ತೀನಿ, ಇಷ್ಟು ಸ್ಪಷ್ಟವಾಗಿ ನೋಡೇ ಇರಲಿಲ್ಲ. ಏಯ್, ಬನ್ನಿ ಎಲ್ಲ, ಸಾಲಾಗಿ ಬನ್ನಿ!"

ಹೀಗೆ, ಯಾವ ಬಾಯಿಯನ್ನು ಮೊದಲ ದಿನ ಮುಚ್ಚಿಸಿದ್ದರೋ ಅದೇ ಬಾಯಿಯೊಳಗೆ ಇಣುಕಲು ಇಡೀ ಮೊದಲ ವರ್ಷ ಕ್ಯೂ ನಿಂತಿತು. ಇಣುಕಿದವರೆಲ್ಲ ವಾಪಸು ಹೋಗಿ ತಮ್ಮ ತಮ್ಮ ಕೆನ್ನೆಯೊಳಗೆ ನಾಲಿಗೆ ತಿರುಗಿಸಲು ಶುರುಮಾಡಿದರು. ನೋಡಿದರೆ ದನದ ಕೊಟ್ಟಿಗೆಯೇ. ಇದ್ದಕ್ಕಿದ್ದಂತೆ ಕಂಬ, "ಸರ್, ನಂಗೆ ನಾಲ್ಕೇ ಇದೆ!" ಎಂದು ಕಿರುಚಿದ, ಜೇಬಿಗೆ ಕತ್ತರಿ ಬಿದ್ದವನಂತೆ.

"ಇರುತ್ತೆ, ಕೆಲವರಿಗೆ ಅದೂ ಇರುತ್ತೆ," ಎಂದರು ಸರ್. ಮಾತಾಡುತ್ತ ಆಡುತ್ತ ಅವರ ಚೌಕ ಕೆನ್ನೆಯೂ ಒಳಗಿನಿಂದ ಉಬ್ಬಿ, ನಿಧಾನವಾಗಿ ಅತ್ತಿಂದಿತ್ತ ಸರಿಯಿತು.

ಆದರೆ ಸರ್ ಅಷ್ಟಕ್ಕೆ ಸೋಲುವವರಲ್ಲ. ಗಂಟಲು ಸರಿಪಡಿಸಿಕೊಂಡರು. "ಎಲ್ಲ ಸರಿ. ನಾನು ಕೇಳಿದ್ದು ನಿನ್ನ ಹಲ್ಲಲ್ಲ, ಪುಸ್ತಕದ ಹಲ್ಲು. ಸಾಮಾನ್ಯವಾಗಿ ಎಷ್ಟಿರುತ್ತೆ ಅನ್ನೋದು ಗೊತ್ತಿಲ್ಲದೇ ಇದ್ರೆ ಡಾಕ್ಟರ್ ಆಗೋದು ಹೇಗೆ?"

ಅದು ನ್ಯಾಯವಾದ ಮಾತು. ಹಲ್ಲಿಗೂ ಹಾಗೇ ಅನ್ನಿಸಿತು. "ಐದು, ಸರ್. ಓದಿದೀನಿ. ಕೈ ನಾಲಿಗೆ ಮಾತು ಕೇಳ್ಬಿಡ್ತು, ಅದು ನಂದೇ ತಪ್ಪು." ಚಾಕುವನ್ನು ದೀಪಕ್ಕೆ ಹಿಡಿದು ಬಿಸಿಮಾಡಿದಳು. ನಡುವಿನ ಗುಬಟನ್ನು ಕರಗಿಸಿ ಇಳಿಸಿದಳು. ಎರಡೂ ಪಕ್ಕದ ಗುಡ್ಡಗಳನ್ನು ಒಂದಕ್ಕೊಂದು ಹತ್ತಿರ ಎಳೆದು, ನಡುವೆ ಒಂದೇ ಕಣಿವೆ ಗೀರಿದಳು. ಬಟ್ಟೆಯಿಂದ ಒರೆಸಿ ಮುಂದೆ ಚಾಚಿದಳು. "ಇದು ಪುಸ್ತಕದ್ದು."

ಸರ್ ಐದೂ ಗುಡ್ಡಗಳನ್ನು ಮತ್ತೆ ಎಣಿಸಿದರು. "ಸೋಮವಾರದಿಂದ ಮೇಲೆ ಕೂತ್ಕೋ," ಎಂದರು. ಕಂಬ ಮೊದಲು ಚಪ್ಪಾಳೆ ತಟ್ಟಿದ.

ಇಲ್ಲಿಗೆ ಮುಗಿಯಬಹುದಿತ್ತು. ಗೆದ್ದವಳೊಬ್ಬಳು ಮೇಲಕ್ಕೆ ಹೋಗುತ್ತಾಳೆ, ನಿಯಮ ಹಾಗೇ ಇರುತ್ತದೆ, ಎಲ್ಲರಿಗೂ ಸಂತೋಷ. ಬಾಗಿಲು ಕಾಯುವವರಿಗೆ ಇಂಥ ಕತೆಗಳೆಂದರೆ ಪ್ರಾಣ. ಆದರೆ ಹಲ್ಲಿಯ ಕಣ್ಣು ಹಿಂದಿನ ಗೋಡೆಗೆ ಹೋಯಿತು. ಅವಳಿಗಿಂತ ಜೋರಾಗಿ ಮೂವರೂ ಚಪ್ಪಾಳೆ ತಟ್ಟುತ್ತಿದ್ದರು.

"ಸರ್, ಅವರು?"

"ಅವರು ಕೈ ಎತ್ತಲಿಲ್ಲವಲ್ಲಮ್ಮ."

"ಸುಮ್ನಿರೇ," ಎಂದಳು ಸಿಸ್ಟರ್ ಅಲ್ಲಿಂದಲೇ. "ನಿನ್ನ ಕೆಲಸ ಆಯ್ತಲ್ಲ, ಹೋಗು."

ಈಗ ತಾನೇ ಸಿಕ್ಕಿದ್ದು ಮಾತೊಂದು ಹೆಚ್ಚಾದರೆ ಕೈಬಿಟ್ಟುಹೋದೀತು ಎಂಬುದು ಹಲ್ಲಿಗೆ ಗೊತ್ತಿತ್ತು. "ಬರುತ್ತೋ ಇಲ್ವೋ ತೋರಿಸು ಅಂತ ನಮ್ಮನ್ನ ಮಾತ್ರ ಯಾಕೆ ಕೇಳಿದ್ರಿ ಸರ್? ಇವರ್‍ಯಾರನ್ನೂ ಕೇಳಲಿಲ್ಲ. ಎಲ್ಲರಿಗೂ ಮೇಣ ಕೊಡಿ. ಬರದೇ ಇರೋರು ಕೆಳಗೆ ಹೋಗ್ಲಿ. ನಾನು ಹೋಗ್ಬೇಕಾಗಿ ಬಂದಿದ್ರೆ ಹೋಗ್ತಿದ್ದೆ. ಆದ್ರೆ ಕೈ ನೋಡಿ ಕಳಿಸಿ ಸರ್, ಕಾಲೇಜು ನೋಡಿ ಕಳಿಸ್ಬೇಡಿ."

ಸಾಲು ಸಾಲು ತಲೆಗಳು ಒಮ್ಮೆಲೇ ಹಲ್ಲಿಯ ಕಡೆ ತಿರುಗಿದವು.

"ಏಯ್, ಮಧ್ಯದಲ್ಲಿ ನಮ್ಮನ್ಯಾಕೆ ಎಳೀತೀಯ?" ಎಂದಿತು ಹಿಂದಿನ ಸಾಲು. ಈ ಸಲ ಯಾರೂ ನಗಲಿಲ್ಲ.

ಕಂಬ ಎದ್ದು ನಿಂತ. ಎದ್ದು ನಿಲ್ಲುವುದಕ್ಕೇ ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. "ಕೊಟ್ಬಿಡಿ ಸರ್ ಮೇಣ. ನಿಜ ಹೇಳ್ಬೇಕೂ ಅಂದ್ರೆ ನಾನು ಬಂದಾಗಿಂದ ನಿದ್ದೆ ಮಾಡಿಲ್ಲ. ನಮ್ಮ ಕಾಲೇಜಲ್ಲಿ ಹಲ್ಲಿನ ಮಾದರಿ ಎಲ್ಲ ಗಾಜಿನ ಪೆಟ್ಟಿಗೇಲಿತ್ತು, ಮುಟ್ಟೋಕೆ ಬಿಡ್ತಿರಲಿಲ್ಲ. ನಂಗೆ ಬರುತ್ತೋ ಇಲ್ವೋ ನಂಗೂ ಗೊತ್ತಾಗ್ಲಿ."

ದವಡೆ ಸರ್ ಆ ಮೇಣದ ಹಲ್ಲನ್ನು ಅಂಗೈಯಲ್ಲಿ ಹೊರಳಿಸಿದರು, ಒಮ್ಮೆ ಹಿಂದಿನ ಗೋಡೆಯ ಕಡೆ ನೋಡಿದರು. ಮೂವರು ಇನ್ನೂ ನಿಂತೇ ಇದ್ದಾರೆ ಎಂಬುದು ಅವರಿಗೆ ಕಂಡದ್ದು ಆಗಲೇ ಇರಬೇಕು. "ಮೊದಲು ಅವರಿಗೆ ಕುರ್ಚಿ ಕೊಡಿ," ಎಂದರು. "ಆಮೇಲೆ ಮೇಣ ತನ್ನಿ."

*

ಆ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಹುಟ್ಟಿದ ಹಲ್ಲುಗಳನ್ನು ನೋಡಿದ್ದರೆ ಯಾವ ಪ್ರಾಣಿಯೂ ಅವನ್ನು ತನ್ನದೆಂದು ಒಪ್ಪಿಕೊಳ್ಳುತ್ತಿರಲಿಲ್ಲ. ಕೆಲವು ಆಲೂಗಡ್ಡೆಯಂತಿದ್ದವು. ಒಂದು ಮಾತ್ರ ನೋಡಿದವರ ಬಾಯಿ ಕಟ್ಟುವಂತಿತ್ತು, ಅದು ಮೌನಿಯದು. "ಎಲ್ಲಿ ಕಲಿತೆ?" ಎಂದು ಸರ್ ಕೇಳಿದ್ದಕ್ಕೆ ಅವಳು ಹುಬ್ಬು ಕುಣಿಸಿದಳು, ಅಷ್ಟೇ. ಸಿಸ್ಟರ್‌ ಕೆತ್ತಿದ್ದೂ ಚೆನ್ನಾಗಿಯೇ ಇತ್ತು. ಮೀಸೆ ತನ್ನದನ್ನು ತಾನೇ ಎತ್ತಿ ನೋಡಿ, "ಸರ್, ನಂಗೆ ಕೆಳಗಿನ ಕ್ಲಾಸೇ ಬೇಕು. ಕಾಲೇಜಿಗಾಗಿ ಅಲ್ಲ, ಇದಕ್ಕಾಗಿ," ಎಂದು ತಲೆ ಎತ್ತಿಯೇ ಹೇಳಿದ. ಕಂಬನದು ಆಲೂಗಡ್ಡೆಗಳಲ್ಲಿ ಮುಖ್ಯವಾದ ಆಲೂಗಡ್ಡೆ. ಅವನ ಹಾಗೆ ದೊಡ್ಡ ಹೆಸರಿನ ಕಾಲೇಜುಗಳಿಂದ ಬಂದವರಲ್ಲಿ ಅರ್ಧ ಮಂದಿ ಪೂರ್ವಸಿದ್ಧತೆಗೆ ಹೋಗಬೇಕೆಂದು ತೀರ್ಮಾನವಾಯಿತು. ಹಿಂದಿನ ಸಾಲು ಪೂರ್ತಿ ಹೋಯಿತು.

ಆಮೇಲೆ ನಡೆದದ್ದೇ ತಮಾಷೆ. ಅಷ್ಟು ಮಂದಿಗೆ ನೆಲಮಾಳಿಗೆ ಸಾಲದಾಯಿತು. ಅಲ್ಲಿ ಗಾಳಿ ಇಲ್ಲ ಎಂಬುದು, ಇಷ್ಟು ವರ್ಷ ಯಾರಿಗೂ ಕಾಣದ್ದು, ಒಂದೇ ದಿನದಲ್ಲಿ ಎಲ್ಲರಿಗೂ ಕಂಡಿತು. ತರಗತಿ ಮೇಲಿನ ಕಿಟಕಿ ಕೋಣೆಗೆ ಏರಿತು. ಮಕ್ಕಳ ಒಂದು ವರ್ಷ ಹಾಳಾಗುವುದೆಂದರೆ ಸಣ್ಣ ಮಾತೇ ಎಂದು ಅಪ್ಪಂದಿರು ಕಾರುಗಳಲ್ಲಿ ಬಂದು ಕೇಳಿದರು. ಸೋಮವಾರ ಬರುವುದರೊಳಗೆ ಒಂದು ವರ್ಷದ ಪೂರ್ವಸಿದ್ಧತೆ ಸಂಜೆಯ ಒಂದು ಗಂಟೆಯ ಪಾಠವಾಗಿ ಕುಗ್ಗಿಹೋಯಿತು. ಹಗಲೆಲ್ಲ ಎಲ್ಲರೂ ಒಂದೇ ಮೊದಲ ವರ್ಷ. ನಾಲ್ವರ ವರ್ಷ ಹೋಗುವಾಗ ನಿಯಮ ಕಲ್ಲಾಗಿತ್ತು. ತಮ್ಮವರ ವರ್ಷ ಹೋಗುವಾಗ ನಿಯಮ ಮೇಣವಾಯಿತು.

"ನೋಡಿದ್ಯಾ," ಎಂದಳು ಅಮ್ಮ, ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಮೇಲೆ. "ನನ್ನ ಕಾಲದಲ್ಲಿ ಡಿಪೋ ಮ್ಯಾನೇಜರ್ ಕೈಲೂ ಒಂದು ಬಸ್ಸು ತೊಳೆಸಿದ್ರೆ ಆಗ್ತಿತ್ತು."

ಸೋಮವಾರದ ಮೊದಲ ಪಾಠ ಹಲ್ಲು ಹುಟ್ಟುವುದರ ಬಗ್ಗೆ. ಹಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಒಂದು ಪಕ್ಕದಲ್ಲಿ ಮೌನಿ, ಇನ್ನೊಂದು ಪಕ್ಕದಲ್ಲಿ ಕಂಬ. ದವಡೆ ಸರ್ ಹಲಗೆಯ ತುಂಬ ಪದರಗಳನ್ನು ಬರೆದರು, ಬಾಣ ಹಾಕಿದರು, ಪದರದೊಳಗೆ ಪದರ ಮಡಚಿದರು, ನಾಲಿಗೆ ಹೊರಳದ ಹೆಸರುಗಳನ್ನು ಒಂದರ ಮೇಲೊಂದು ಪೇರಿಸಿದರು. ಅರ್ಧ ಪಾಠ ಆಗುವಷ್ಟರಲ್ಲಿ ಹಲ್ಲಿಗೆ ತಲೆ ಬುಡ ತಿಳಿಯದಾಯಿತು. ಅಂದರೆ ತನಗೆ ಬರುವುದಿಲ್ಲವೇ? ಅಂದರೆ ಅವರು ಹೇಳಿದ್ದೇ ಸರಿಯೇ? ಪಕ್ಕಕ್ಕೆ ನೋಡಿದಳು. ಕಂಬ ಬಹಳ ಗಂಭೀರವಾಗಿ ತಲೆಯಾಡಿಸುತ್ತ ಹಾಳೆಯ ಮೇಲೆ ಒಂದು ಕೋಳಿಯ ಚಿತ್ರ ಬರೆಯುತ್ತಿದ್ದ. ಹಿಂದಕ್ಕೆ ತಿರುಗಿದಳು. ಸಾಲು ಸಾಲು ತಲೆಗಳು, ಎಲ್ಲವೂ ಆಡುತ್ತಿದ್ದವು. ಆ ಕಣ್ಣುಗಳನ್ನು ಅವಳು ಸರಿಯಾಗಿ ನೋಡಿದಳು. ಒಂದರಲ್ಲೂ ಏನೂ ತಿಳಿದ ಕುರುಹಿರಲಿಲ್ಲ.

ಹಲ್ಲಿಗೆ ನಗು ಉಕ್ಕಿ ಬಂತು. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು.

"ಸರ್, ಅರ್ಥ ಆಗ್ಲಿಲ್ಲ," ಎಂದಳು ಗಟ್ಟಿಯಾಗಿ.

ಸರ್ ತಿರುಗಿದರು. "ಎಲ್ಲಿಂದ ಅರ್ಥ ಆಗ್ಲಿಲ್ಲ?"

"ಮೊದಲಿಂದ, ಸರ್."

ತರಗತಿಯ ಉದ್ದಕ್ಕೂ ಪೆನ್ನುಗಳು ಮೇಜಿನ ಮೇಲೆ ಮಲಗಿದವು. ಎಲ್ಲಿಂದಲೋ ಒಂದು ದೀರ್ಘ ಉಸಿರು ಕೇಳಿತು, ಅದರ ಬೆನ್ನಿಗೇ ಇನ್ನೊಂದು. "ನಂಗೂ ಸರ್," ಎಂದ ಕಂಬ, ಕೋಳಿಯನ್ನು ಮೊಣಕೈಯಿಂದ ಮುಚ್ಚಿಕೊಂಡು. "ನಂಗೂ," ಎಂದಳು ಸಿಸ್ಟರ್. ಕಡೆಗೆ, ಅದುವರೆಗೆ ಯಾರೂ ಕೇಳಿರದ ಒಂದು ದಪ್ಪ, ಸೊಗಸಾದ ದನಿಯಲ್ಲಿ ಮೌನಿಯೂ, "ನಂಗೂ ಆಗ್ಲಿಲ್ಲ ಸರ್," ಎಂದುಬಿಟ್ಟಳು.

ದವಡೆ ಸರ್ ಹಲಗೆಯನ್ನೊಮ್ಮೆ, ತರಗತಿಯನ್ನೊಮ್ಮೆ ನೋಡಿದರು. ಡಸ್ಟರು ಎತ್ತಿಕೊಂಡು, ಬರೆದದ್ದನ್ನೆಲ್ಲ ಒರೆಸಲು ಶುರುಮಾಡಿದರು.